ಬೆಂಗಳೂರಿನ ಬಡಾವಣೆ ಬಾರ್‌ಗಳು: ಸನ್ನದಿನ ಫಲಕದಿಂದ ಬಿಲ್ಲಿನವರೆಗೆ

ಬೆಂಗಳೂರಿನಲ್ಲಿ ‘ಬಡಾವಣೆಯ ಬಾರ್’ ಎಂದರೆ ಪಬ್ ಅಲ್ಲ, ತಾರಾ ಹೋಟೆಲಿನ ಪಾನಗೃಹವೂ ಅಲ್ಲ. ಮುಖ್ಯರಸ್ತೆಯ ತಿರುವಿನಲ್ಲಿ, ಬೇಕರಿ, ಔಷಧಿ ಅಂಗಡಿ, ಗಿರವಿ ಅಂಗಡಿಗಳ ಸಾಲಿನಲ್ಲಿಯೇ ಇರುವ, ಹಗಲಿನಲ್ಲೂ ಮಬ್ಬು ಬೆಳಕು ಉರಿಯುವ, ‘ಬಾರ್ ಅಂಡ್ ರೆಸ್ಟೋರೆಂಟ್’ ಎಂಬ ಹೆಸರು ಹೊತ್ತ ಸ್ಥಳವದು. ಹೆಸರಿನ ಮೊದಲ ಭಾಗ ಬಹುಮಟ್ಟಿಗೆ ದೇವರದ್ದು ಅಥವಾ ಮಾಲೀಕರ ಮನೆತನದ್ದು. ಕೆಳಗೆ ಸಾಮಾನ್ಯರ ಹಾಲು, ಮಹಡಿಯಲ್ಲಿ ಎ.ಸಿ. ಹಾಲು, ಪಕ್ಕದಲ್ಲಿ ‘ಫ್ಯಾಮಿಲಿ’ ಎಂದು ಬರೆದ ಪ್ರತ್ಯೇಕ ಬಾಗಿಲು. ರಾಜಾಜಿನಗರ, ಶ್ರೀರಾಮಪುರ, ವಿಜಯನಗರ, ಯಶವಂತಪುರ, ಕಲಾಸಿಪಾಳ್ಯ, ಹೀಗೆ ಯಾವ ಕಡೆ ಹೋದರೂ ಈ ನಕ್ಷೆ ಹೆಚ್ಚು ಬದಲಾಗುವುದಿಲ್ಲ.

ಈ ಬಾರ್‌ಗಳ ಬಗ್ಗೆ ಬರೆದವರು ಕಡಿಮೆ. ನಗರದ ಪಬ್‌ಗಳನ್ನು ಇಂಗ್ಲಿಷ್ ಪತ್ರಿಕೆಗಳು ಮೂರು ದಶಕಗಳಿಂದ ವಿಮರ್ಶಿಸುತ್ತ ಬಂದಿವೆ. 2008ರ ನಂತರ ಜೊಮ್ಯಾಟೊದಂತಹ ತಾಣಗಳು ನಕ್ಷತ್ರಗಳ ಲೆಕ್ಕದಲ್ಲಿ ಅಂಕ ಕೊಡಲಾರಂಭಿಸಿದವು. ಕನ್ನಡ ಪತ್ರಿಕೆಗಳಲ್ಲಿ ಮಾತ್ರ ಬಾರ್ ಎಂಬ ಪದ ಕಾಣಿಸಿಕೊಳ್ಳುವುದು ಹೆಚ್ಚಾಗಿ ಅಪರಾಧ ಪುಟದಲ್ಲಿ, ಇಲ್ಲವೇ ಬಜೆಟ್ ಮರುದಿನದ ಪುಟದಲ್ಲಿ. ದಿನನಿತ್ಯ ಲಕ್ಷಾಂತರ ಜನ ಕುಳಿತೇಳುವ ಸ್ಥಳವೊಂದನ್ನು ಅಳೆಯುವ ಮಾನದಂಡವೇ ಕನ್ನಡದಲ್ಲಿ ರೂಪುಗೊಂಡಿಲ್ಲ. ಅಲಂಕಾರ, ಸಂಗೀತ, ಕಾಕ್‌ಟೇಲ್ ಪಟ್ಟಿ ಎಂಬ ಪಬ್‌ನ ಅಳತೆಗೋಲುಗಳು ಇಲ್ಲಿ ಕೆಲಸಕ್ಕೆ ಬಾರವು. ಬಡಾವಣೆಯ ಬಾರ್ ಅನ್ನು ಅರಿಯಬೇಕಾದರೆ ಮೊದಲು ಓದಬೇಕಾದದ್ದು ಮೆನು ಅಲ್ಲ, ಗಲ್ಲಾದ ಹಿಂದೆ ಅಥವಾ ಬಾಗಿಲ ಮೇಲೆ ಇರುವ ಸನ್ನದಿನ ಫಲಕ.

ಫಲಕದ ಮೇಲಿನ ಸಂಖ್ಯೆ

ಕರ್ನಾಟಕದಲ್ಲಿ ಮದ್ಯ ಮಾರಾಟವನ್ನು ನಿಯಂತ್ರಿಸುವುದು 1965ರ ಅಬಕಾರಿ ಕಾಯ್ದೆ ಮತ್ತು ಅದರಡಿ 1968ರಲ್ಲಿ ರಚಿತವಾದ ಭಾರತೀಯ ಹಾಗೂ ವಿದೇಶಿ ಮದ್ಯ ಮಾರಾಟ ನಿಯಮಗಳು. ಈ ನಿಯಮಗಳು ಪ್ರತಿಯೊಂದು ಬಗೆಯ ಮಳಿಗೆಗೂ ಒಂದು ಸಂಕೇತ ನೀಡಿವೆ. ಸಿಎಲ್-2 ಎಂದರೆ ಚಿಲ್ಲರೆ ಅಂಗಡಿ, ಜನರ ಬಾಯಲ್ಲಿ ‘ವೈನ್ ಶಾಪ್’. ಇಲ್ಲಿ ಮೊಹರು ಒಡೆಯದ ಬಾಟಲಿಯನ್ನು ಗರಿಷ್ಠ ಮಾರಾಟ ಬೆಲೆಗೆ ಕೊಟ್ಟು ಕಳುಹಿಸಬೇಕು, ಕುಡಿಯಲು ಅವಕಾಶವಿಲ್ಲ. ಸಿಎಲ್-9 ಎಂಬುದು ‘ಉಪಾಹಾರ ಕೊಠಡಿ’ ಸನ್ನದು. ಇದೇ ನಮ್ಮ ಬಾರ್. ಊಟ ತಿಂಡಿಯೊಂದಿಗೆ, ಅಲ್ಲಿಯೇ ಕುಳಿತು ಕುಡಿಯಲು ಮಾತ್ರ ಮದ್ಯ ಕೊಡಬೇಕೆಂಬುದು ಅದರ ಮೂಲ ಆಶಯ. ಸಿಎಲ್-7 ಕೊಠಡಿಗಳುಳ್ಳ ಹೋಟೆಲ್ ಮತ್ತು ವಸತಿಗೃಹಗಳಿಗೆ, ಸಿಎಲ್-4 ಕ್ಲಬ್ಬುಗಳಿಗೆ, ಸಿಎಲ್-6ಎ ತಾರಾ ಹೋಟೆಲುಗಳಿಗೆ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಳಿಗೆಗಳದ್ದು ಸಿಎಲ್-11ಸಿ.

ಈ ಅಂಕಿಗಳು ಕಚೇರಿಯ ಕಡತಕ್ಕೆ ಸೇರಿದ ಒಣ ವಿವರಗಳಂತೆ ಕಂಡರೂ ಬಡಾವಣೆಯ ಚಹರೆಯನ್ನು ತೀರ್ಮಾನಿಸುವುದು ಇವೇ. 1992ರಿಂದ ರಾಜ್ಯದಲ್ಲಿ ಹೊಸ ಸಿಎಲ್-2 ಮತ್ತು ಸಿಎಲ್-9 ಸನ್ನದು ನೀಡುವುದನ್ನು ನಿಲ್ಲಿಸಲಾಯಿತು. ನಗರ ಆ ಬಳಿಕ ಹಲವು ಪಟ್ಟು ಬೆಳೆಯಿತು. ಹೊಸ ಬಡಾವಣೆಗಳು ಎದ್ದವು, ಜನಸಂಖ್ಯೆ ಕೋಟಿ ದಾಟಿತು. ಆದರೆ ಬಾರ್ ಸನ್ನದುಗಳ ಸಂಖ್ಯೆ ಅಲ್ಲಿಯೇ ನಿಂತಿತು. ಬೇಡಿಕೆಯಿದ್ದು ಪೂರೈಕೆ ನಿಂತಾಗ ಆಗುವುದೇ ಆಯಿತು: ಹಳೆಯ ಸನ್ನದು ಎಂಬ ಕಾಗದವೇ ಒಂದು ಆಸ್ತಿಯಾಗಿ ಮಾರ್ಪಟ್ಟಿತು. ಅದನ್ನು ವರ್ಗಾಯಿಸುವುದು, ಒಂದು ಪ್ರದೇಶದಿಂದ ಇನ್ನೊಂದಕ್ಕೆ ಸ್ಥಳಾಂತರಿಸುವುದು, ನಿಯಮಕ್ಕೆ ವಿರುದ್ಧವಾಗಿ ಒಳಗುತ್ತಿಗೆಗೆ ಕೊಡುವುದು ಇವೆಲ್ಲ ಒಂದು ವ್ಯವಹಾರವಾಗಿ ಬೆಳೆದವು. ಫಲಕದಲ್ಲಿ ಒಬ್ಬರ ಹೆಸರು, ಗಲ್ಲಾದಲ್ಲಿ ಇನ್ನೊಬ್ಬರು ಎಂಬ ಸ್ಥಿತಿಗೆ ಕಾರಣ ಇದು.

ಇನ್ನೊಂದು ಪರಿಣಾಮ ಕಣ್ಣಿಗೆ ನೇರವಾಗಿ ಬೀಳುತ್ತದೆ. ಸಿಎಲ್-7 ಸನ್ನದಿಗೆ ಈ ತಡೆ ಇರಲಿಲ್ಲ. ನಿಗದಿತ ಸಂಖ್ಯೆಯ ಕೊಠಡಿಗಳಿದ್ದರೆ ಸನ್ನದು ಪಡೆಯಬಹುದು. ಆದ್ದರಿಂದ ಹೊರವರ್ತುಲ ರಸ್ತೆಯಾಚೆ ಬೆಳೆದ ಬಡಾವಣೆಗಳಲ್ಲಿ ಬಾರ್‌ನ ಮೇಲೆ ಲಾಡ್ಜ್ ಇರುವುದು ಕಾಕತಾಳೀಯವಲ್ಲ. ಬಹಳ ಕಡೆ ಕೊಠಡಿಗಳಿರುವುದು ಅತಿಥಿಗಳಿಗಾಗಿ ಅಲ್ಲ, ಕೆಳಗಿನ ಬಾರ್‌ಗಾಗಿ. ಹಳೆಯ ಬಡಾವಣೆಯ ಒಂಟಿ ಹಾಲಿನ ಬಾರ್ ಮತ್ತು ಹೊಸ ಬಡಾವಣೆಯ ನಾಲ್ಕು ಅಂತಸ್ತಿನ ‘ಬೋರ್ಡಿಂಗ್ ಅಂಡ್ ಲಾಡ್ಜಿಂಗ್’ ನಡುವಿನ ವ್ಯತ್ಯಾಸವನ್ನು ಅಭಿರುಚಿಯ ವ್ಯತ್ಯಾಸವೆಂದು ಬರೆಯುವ ವಿಮರ್ಶಕರು ನಿಯಮಪುಸ್ತಕವನ್ನು ನೋಡಿಲ್ಲ ಎಂದೇ ಅರ್ಥ.

ಬಳಕೆಯಾಗದೆ ಉಳಿದ ಸನ್ನದುಗಳನ್ನು ಹರಾಜಿನ ಮೂಲಕ ಹಂಚುವುದಾಗಿ ಸರ್ಕಾರ 2025ರ ಮಾರ್ಚ್ ಬಜೆಟ್‌ನಲ್ಲಿ ಪ್ರಕಟಿಸಿತು. 2025-26ನೇ ಸಾಲಿಗೆ ಅಬಕಾರಿ ಇಲಾಖೆಗೆ ನಿಗದಿಯಾದ ಗುರಿ 40,000 ಕೋಟಿ ರೂಪಾಯಿ, ಅದರ ಹಿಂದಿನ ವರ್ಷದ ಗುರಿ 38,525 ಕೋಟಿ. ಹರಾಜಿನಲ್ಲಿ ಹೆಚ್ಚು ಬೆಲೆ ಕೂಗಬಲ್ಲವರು ಯಾರು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಒಂದೇ ಹಾಲು, ಎಂಟು ಮೇಜು ಇಟ್ಟುಕೊಂಡು ಮೂವತ್ತು ವರ್ಷ ನಡೆಸಿದವರಂತೂ ಅಲ್ಲ.

ದಂಡು, ಬ್ರೂವರಿ, ಪಬ್

ನಗರದ ಕುಡಿತದ ಇತಿಹಾಸ 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದಿಂದಲೇ ಮೊದಲಾಗುವುದಿಲ್ಲ. ಪೇಟೆಯಲ್ಲಿ ಹೆಂಡ, ಸಾರಾಯಿ ಅದಕ್ಕೂ ಹಿಂದಿನವು. ಆದರೆ ಬಿಯರ್ ಮತ್ತು ಬಾಟಲಿ ಮದ್ಯದ ಪದ್ಧತಿ ದಂಡಿನದು. 1885ರಲ್ಲಿ ಇಲ್ಲಿ ಬ್ರೂವರಿ ಆರಂಭವಾಯಿತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಗ್ಗೂಡಿಸಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದರು. ಸ್ವಾತಂತ್ರ್ಯದ ಹೊತ್ತಿಗೆ ಅದು ವಿಠ್ಠಲ್ ಮಲ್ಯ ಅವರ ಕೈಸೇರಿತು. ಆ ಬ್ರೂವರಿ ಇದ್ದ ಜಾಗದಲ್ಲಿ ಇಂದು ಯುಬಿ ಸಿಟಿ ನಿಂತಿದೆ. ದಂಡು ರೈಲು ನಿಲ್ದಾಣದ ಸಮೀಪ 1933ರಲ್ಲಿ ಆರಂಭವಾದ ಡೇವರ್ಸ್, ತನ್ನ ಬೆತ್ತದ ಕುರ್ಚಿಗಳಿಂದಾಗಿ ಹಳಬರ ನೆನಪಿನಲ್ಲಿ ಉಳಿದಿದೆ. 1940ರ ದಶಕದಲ್ಲಿ ಬೇಕರಿಯಾಗಿ ಹುಟ್ಟಿದ ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್, ಬಾರ್ ಎನ್ನುವುದಕ್ಕಿಂತ ಹರಟೆಯ ಕಟ್ಟೆಯಾಗಿಯೇ ಹೆಸರಾಯಿತು.

ಹಳೆಯ ಮೈಸೂರು ರಾಜ್ಯದ ಹಲವು ಜಿಲ್ಲೆಗಳಲ್ಲಿ ಜಾರಿಯಲ್ಲಿದ್ದ ಪಾನನಿಷೇಧ 1967ರಲ್ಲಿ ತೆರವಾದ ಮೇಲೆ ಬಡಾವಣೆಗಳಲ್ಲಿ ಬಾರ್‌ಗಳು ಹಬ್ಬಿದವು. 1980ರ ದಶಕದ ಉತ್ತರಾರ್ಧದಲ್ಲಿ ಚರ್ಚ್ ಸ್ಟ್ರೀಟ್ ಮತ್ತು ಸುತ್ತಮುತ್ತ ಪಬ್‌ಗಳು ತಲೆಯೆತ್ತಿದವು. ನಾಸಾ, ಪಬ್ ವರ್ಲ್ಡ್, 1989ರ ಪೆಕೋಸ್ ಆ ಪೀಳಿಗೆಯವು. ‘ಪಬ್ ನಗರಿ’ ಎಂಬ ಬಿರುದು ಬಂದದ್ದು ಆಗ. 2010ರ ದಶಕದ ಮೊದಲ ವರ್ಷಗಳಲ್ಲಿ ಸ್ಥಳದಲ್ಲಿಯೇ ಬಿಯರ್ ತಯಾರಿಸುವ ಮೈಕ್ರೋಬ್ರೂವರಿಗಳು ಬಂದವು. ವಿಠ್ಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್, ಇಂದಿರಾನಗರದ ಟಾಯ್ಟ್ ಮೊದಲ ಸಾಲಿನವು. ಇವೆಲ್ಲದರ ಬಗ್ಗೆ ಬರೆದ ಪುಟಗಳಿಗೆ ಲೆಕ್ಕವಿಲ್ಲವಾದ್ದರಿಂದ ಇಲ್ಲಿ ಇಷ್ಟು ಸಾಕು.

ಸಾರಾಯಿ ಹೋದ ಮೇಲೆ

ಬಡಾವಣೆಯ ಬಾರ್‌ನ ಇಂದಿನ ಗಿರಾಕಿಯನ್ನು ರೂಪಿಸಿದ ಘಟನೆ ಪಬ್ ಸಂಸ್ಕೃತಿಯಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಜಾರಿಗೆ ಬಂದ ಸಾರಾಯಿ ನಿಷೇಧ. ಅಲ್ಲಿಯವರೆಗೆ ಕೂಲಿಕಾರರು, ಹಮಾಲರು, ಗಾರೆ ಕೆಲಸದವರು ಕುಡಿಯುತ್ತಿದ್ದದ್ದು ಪಾಕೀಟಿನಲ್ಲಿ ಬರುತ್ತಿದ್ದ ಸಾರಾಯಿ. ಹೆಂಡದ ಅಂಗಡಿಗಳನ್ನು ಕರಾವಳಿಯ ಕೆಲಭಾಗ ಬಿಟ್ಟು ಉಳಿದೆಡೆ 2004ರಲ್ಲಿಯೇ ಮುಚ್ಚಲಾಗಿತ್ತು. ಸಾರಾಯಿಯೂ ನಿಂತಾಗ ಈ ವರ್ಗ ಕುಡಿತ ಬಿಡಲಿಲ್ಲ. ಅಗ್ಗದ ವಿಸ್ಕಿ, ರಮ್ಮುಗಳ 90 ಮತ್ತು 180 ಮಿಲಿಲೀಟರ್ ಪೊಟ್ಟಣಗಳಿಗೆ ಹೊರಳಿತು. ‘ನೈಂಟಿ’ ಮತ್ತು ‘ಕ್ವಾರ್ಟರ್’ ಎಂಬ ಅಳತೆಗಳು ನುಡಿಗಟ್ಟುಗಳೇ ಆದವು. ವೈನ್ ಶಾಪಿನ ಮುಂಗಟ್ಟೆಯಲ್ಲಿ ನಿಂತು ಕುಡಿಯುವುದು ನಿಯಮಬಾಹಿರವಾದರೂ ರೂಢಿಯಾಯಿತು. ಒಂದೆರಡು ರೂಪಾಯಿಯ ಲೋಟ, ನೀರಿನ ಪಾಕೀಟು, ಉಪ್ಪಿನಕಾಯಿ ಚೂರು ಮಾರುವ ಚಿಕ್ಕ ಅಂಗಡಿ ಪಕ್ಕದಲ್ಲಿಯೇ ಹುಟ್ಟಿಕೊಂಡಿತು.

ನಿಷೇಧದ ಹಿಂದಿದ್ದ ಆತಂಕ ಸುಳ್ಳಲ್ಲ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಯುಕ್ತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಆದರೆ ನಿಷೇಧ ಜಾರಿಯಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು ಮತ್ತು ಕೋಲಾರ ಜಿಲ್ಲೆಗಳು ಹಾಗೂ ಗಡಿಯಾಚೆಯ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜೀವಗಳು ಹೋದವು. ಸನ್ನದು ಪಡೆದ ಬಾರ್‌ನಲ್ಲಿ ಮೊಹರು ಒಡೆಯದ ಬಾಟಲಿಗೆ ಇರುವ ಬೆಲೆ ಏನು ಎಂಬುದು ಈ ಎರಡು ವರ್ಷಗಳ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. 2003ರಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ಎಲ್ಲ ಮದ್ಯ ಮಳಿಗೆಗಳಿಗೆ ಹೋಗಬೇಕೆಂಬ ಕಟ್ಟಳೆಯಿದೆ. ಬಾಟಲಿಯ ಬಿರಡೆಯ ಮೇಲಿನ ಅಬಕಾರಿ ಚೀಟಿ ಅದರ ಗುರುತು.

ತೆರಿಗೆಯ ಹೊರೆ ಈ ಗಿರಾಕಿಯ ಮೇಲೆಯೇ ಹೆಚ್ಚು ಬಿದ್ದಿದೆ. 2023ರ ಜುಲೈ ಬಜೆಟ್‌ನಲ್ಲಿ ಭಾರತೀಯ ತಯಾರಿಕೆಯ ಮದ್ಯದ ಎಲ್ಲ 18 ಘೋಷಿತ ಬೆಲೆ ಹಂತಗಳಿಗೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 20ರಷ್ಟು ಏರಿಸಲಾಯಿತು. 2024ರ ಆಗಸ್ಟ್ ಅಂತ್ಯದಲ್ಲಿ ಹಂತಗಳನ್ನು 16ಕ್ಕೆ ಇಳಿಸಿದಾಗ ಬೆಲೆ ತಗ್ಗಿದ್ದು ಮೇಲಿನ ಹಂತದ ದುಬಾರಿ ಬ್ರಾಂಡುಗಳದ್ದು. ನೆರೆರಾಜ್ಯಗಳ ದರಕ್ಕೆ ಸರಿದೂಗಿಸುವುದು ಅದರ ಉದ್ದೇಶವಾಗಿತ್ತು. ಕ್ವಾರ್ಟರ್ ಕೊಳ್ಳುವವನಿಗೆ ಏರಿಕೆ ತಟ್ಟಿತು, ಇಳಿಕೆ ತಲುಪಲಿಲ್ಲ.

ಕುಳಿತು ನೋಡುವ ಬಗೆ

ಬಡಾವಣೆಯ ಬಾರ್ ಅನ್ನು ಒಂದೇ ಭೇಟಿಯಲ್ಲಿ ಅಳೆಯಲಾಗದು. ಬೆಳಿಗ್ಗೆ ಹತ್ತೂವರೆಗೆ ಒಮ್ಮೆ, ಸಂಜೆ ಏಳರ ನಂತರ ಒಮ್ಮೆ ಹೋಗಬೇಕು. ಬೆಳಗಿನ ಹೊತ್ತು ಬರುವವರು ರಾತ್ರಿಪಾಳಿ ಮುಗಿಸಿದ ಕಾರ್ಖಾನೆ ಕಾರ್ಮಿಕರು, ಮಾರುಕಟ್ಟೆಯ ಕೆಲಸವನ್ನು ನಸುಕಿನಲ್ಲೇ ಮುಗಿಸಿದ ಹಮಾಲರು, ಜೊತೆಗೆ ಬಿಡಲಾಗದ ಚಟಕ್ಕೆ ಸಿಕ್ಕಿದವರು. ಆ ಹೊತ್ತಿನಲ್ಲಿ ಗಿರಾಕಿಯನ್ನು ಸಪ್ಲೈಯರ್ ಹೇಗೆ ನಡೆಸಿಕೊಳ್ಳುತ್ತಾನೆ ಎಂಬುದು ಆ ಬಾರ್‌ನ ಗುಣವನ್ನು ಸಂಜೆಯ ಥಳಕಿಗಿಂತ ಸ್ಪಷ್ಟವಾಗಿ ಹೇಳುತ್ತದೆ. ಕೈ ನಡುಗುವವನಿಗೆ ಮೊದಲು ಇಡ್ಲಿಯೋ ಆಮ್ಲೆಟ್ಟೋ ತಿನ್ನೆಂದು ಗದರುವ ಹಳೆಯ ಸಪ್ಲೈಯರ್‌ಗಳು ಈ ನಗರದಲ್ಲಿ ಈಗಲೂ ಉಂಟು.

ಮೊದಲ ಪರೀಕ್ಷೆ ಅಳತೆಯದು. ಸಣ್ಣ ಪೆಗ್ 30 ಮಿಲಿಲೀಟರ್, ದೊಡ್ಡದು 60. ಅಳೆಯುವ ಪಾತ್ರೆಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಕ್ವಾರ್ಟರ್ ತರಿಸಿ ಮೇಜಿನ ಮೇಲೆಯೇ ಮೊಹರು ಒಡೆಸುವ ರೂಢಿ ಬಡಾವಣೆಯ ಬಾರ್‌ಗಳಲ್ಲಿ ಗಟ್ಟಿಯಾಗಿ ಬೇರೂರಿರುವುದಕ್ಕೆ ಕಾರಣ ಬಿಡಿ ಪೆಗ್ಗಿನ ಮೇಲಿನ ಅಪನಂಬಿಕೆ. ಒಳ್ಳೆಯ ಬಾರ್‌ನಲ್ಲಿ ಸಪ್ಲೈಯರ್ ಕೇಳದೆಯೇ ಬಾಟಲಿಯ ಬಿರಡೆಯನ್ನು ಗಿರಾಕಿಯ ಕಡೆ ತಿರುಗಿಸಿ ತೋರಿಸುತ್ತಾನೆ. ಒಡೆದ ಬಾಟಲಿ ತಂದಿಟ್ಟು ‘ಒಳಗೆ ಓಪನ್ ಮಾಡಿದ್ದು ಸಾರ್’ ಎಂದರೆ ಅಲ್ಲಿಂದ ಏಳುವುದು ಲೇಸು.

ಎರಡನೆಯದು ಬಿಲ್ಲು. ವೈನ್ ಶಾಪ್ ಮತ್ತು ಎಂಎಸ್‌ಐಎಲ್ ಮಳಿಗೆಗಳು ಮುದ್ರಿತ ಬೆಲೆಯನ್ನು ಮೀರುವಂತಿಲ್ಲ. ಬಾರ್‌ಗೆ ಆ ಕಟ್ಟು ಇಲ್ಲ, ಕೂರುವ ಸೌಲಭ್ಯಕ್ಕೆ ಹೆಚ್ಚು ತೆಗೆದುಕೊಳ್ಳಬಹುದು. ಆದ್ದರಿಂದಲೇ ಒಂದೇ ಬಾಟಲಿಗೆ ಕೆಳಗಿನ ಹಾಲಿನಲ್ಲಿ ಒಂದು ದರ, ಎ.ಸಿ.ಯಲ್ಲಿ ಇನ್ನೊಂದು. ದರಪಟ್ಟಿ ಕಾಣುವಂತಿದೆಯೇ, ಬಿಲ್ಲು ಅದಕ್ಕೆ ತಾಳೆಯಾಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ತೆರಿಗೆಯ ವಿಚಾರದಲ್ಲಿ ಮಾತ್ರ ಬಹಳ ಗಿರಾಕಿಗಳು ಮೋಸಹೋಗುತ್ತಾರೆ. ಕುಡಿಯುವ ಮದ್ಯ ಜಿಎಸ್‌ಟಿ ವ್ಯಾಪ್ತಿಯಲ್ಲಿಲ್ಲ. ಮದ್ಯದ ಮೇಲಿನ ಮೌಲ್ಯವರ್ಧಿತ ತೆರಿಗೆಯನ್ನು ರಾಜ್ಯ ಸರ್ಕಾರ 2017ರ ಏಪ್ರಿಲ್‌ನಿಂದ ಕೈಬಿಟ್ಟಿದೆ. ಹೀಗಾಗಿ ಬಿಲ್ಲಿನಲ್ಲಿ ಜಿಎಸ್‌ಟಿ ಬೀಳಬೇಕಾದದ್ದು ಊಟ ತಿಂಡಿ, ಸೋಡಾಗಳಂತಹ ಬಾಬ್ತುಗಳಿಗೆ ಮಾತ್ರ. ಒಟ್ಟು ಮೊತ್ತದ ಮೇಲೆ ತೆರಿಗೆ ಹಾಕಿದ್ದರೆ ಕೇಳುವ ಹಕ್ಕು ಗಿರಾಕಿಗಿದೆ. ಸೇವಾಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಸೂಚಿಸಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಬಡಾವಣೆಯ ಬಾರ್‌ನಲ್ಲಿ ಈ ಶುಲ್ಕ ಅಪರೂಪ. ಅಲ್ಲಿ ಭಕ್ಷೀಸು ಕೈಯಿಂದ ಕೈಗೆ.

ಮೂರನೆಯದು ತಿನಿಸು, ಮತ್ತು ಇಲ್ಲಿಯೇ ಬಡಾವಣೆಯ ಬಾರ್ ಪಬ್ಬನ್ನು ಸೋಲಿಸುತ್ತದೆ. ಊಟದೊಂದಿಗೆ ಮದ್ಯ ಎಂಬ ಸಿಎಲ್-9ರ ಷರತ್ತು ಕಾಗದದಲ್ಲಿ ಉಳಿದಿದ್ದರೂ ಅಡುಗೆಮನೆಗಳು ಅದನ್ನು ಗಂಭೀರವಾಗಿ ತೆಗೆದುಕೊಂಡಿವೆ. ಬೇಯಿಸಿದ ಕಡಲೆಕಾಯಿ, ಈರುಳ್ಳಿ ನಿಂಬೆಹುಳಿ ಬೆರೆಸಿದ ಕಡಲೆಬೀಜ, ಮೊಟ್ಟೆ ಬುರ್ಜಿ, ಪೆಪ್ಪರ್ ಚಿಕನ್, ಕಾಲುಸೂಪು, ಬೋಟಿ, ತಲೆಮಾಂಸ, ಹೀಗೆ ಹಳೆಯ ಮೈಸೂರು ಸೀಮೆಯ ಮಿಲಿಟರಿ ಹೋಟೆಲುಗಳ ಪಾಕವೇ ಇಲ್ಲಿನ ‘ಸೈಡ್ಸ್’ ಪಟ್ಟಿಯ ತಳಪಾಯ. ಅದರ ಮೇಲೆ ಚೀನೀ ಹೆಸರಿನ ಗೋಬಿ, ಚಿಲ್ಲಿ ಚಿಕನ್‌ಗಳು ಬಂದು ಕುಳಿತಿವೆ. ಮುದ್ದೆ ಸಿಗುವ ಬಾರ್ ಸಿಕ್ಕರೆ ಆ ಅಡುಗೆಯವರು ಯಾವ ಸೀಮೆಯವರೆಂದು ಕೇಳಬೇಕಾದ ಅಗತ್ಯವಿಲ್ಲ. ಬಣ್ಣದ ಬಗ್ಗೆ ಮಾತ್ರ ಕಣ್ಣಿಡಬೇಕು. ಗೋಬಿ ಮಂಚೂರಿಗೆ ಕೃತಕ ಬಣ್ಣ ಬೆರೆಸುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ, ಕಬಾಬಿಗೆ ಬೆರೆಸುವುದನ್ನು ಅದೇ ವರ್ಷದ ಜೂನ್‌ನಲ್ಲಿ ನಿಷೇಧಿಸಿದೆ. ಬೆರಳಿಗೆ ಅಂಟಿ ಮರುದಿನದವರೆಗೂ ಉಳಿಯುವ ಕೆಂಪು ಯಾವ ಮೆಣಸಿನಕಾಯಿಯದ್ದೂ ಅಲ್ಲ.

ಶೌಚಾಲಯದ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಬಹುಪಾಲು ಬಾರ್‌ಗಳು ಈ ವಿಷಯದಲ್ಲಿ ಅನುತ್ತೀರ್ಣ.

ಹೆಂಗಸರ ಮೇಜು

‘ಫ್ಯಾಮಿಲಿ’ ಎಂಬ ಫಲಕ ವಿಶೇಷ ಗಮನಕ್ಕೆ ಯೋಗ್ಯ. ಅಲ್ಲಿ ಕೂರುವವರು ಕುಟುಂಬಗಳೇ ಆಗಿರಬೇಕೆಂದಿಲ್ಲ. ಹೆಂಗಸೊಬ್ಬಳು ಜೊತೆಗಿದ್ದಾಳೆ ಎಂಬುದಷ್ಟೇ ಅರ್ಥ. ಗೆಳತಿಯರಿಬ್ಬರು, ಅಥವಾ ಹೆಂಗಸೊಬ್ಬಳೇ ಬಂದರೆ ಕೆಳಗಿನ ಹಾಲಿನಲ್ಲಿ ಕೂರಿಸುವ ಬಡಾವಣೆಯ ಬಾರ್ ಬೆಂಗಳೂರಿನಲ್ಲಿಯೂ ವಿರಳ. ಕಾನೂನು ಅದನ್ನು ತಡೆಯುವುದಿಲ್ಲ, ರೂಢಿ ತಡೆಯುತ್ತದೆ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿದ್ದ ಯುವತಿಯರ ಮೇಲೆ ಶ್ರೀರಾಮ ಸೇನೆಯ ಕಾರ್ಯಕರ್ತರು ನಡೆಸಿದ ದಾಳಿ ದೇಶದ ಗಮನ ಸೆಳೆಯಿತು. ಚರ್ಚೆಯೆಲ್ಲ ಪಬ್ಬಿನ ಸುತ್ತಲೇ ನಡೆಯಿತು. ದಾಳಿಯ ಅಗತ್ಯವೇ ಇಲ್ಲದಂತೆ ಬಾಗಿಲಲ್ಲಿಯೇ ಹೆಂಗಸರನ್ನು ವಿಂಗಡಿಸುವ ಸಾವಿರಾರು ಬಾರ್‌ಗಳ ಬಗ್ಗೆ ಯಾರೂ ಮಾತನಾಡಲಿಲ್ಲ. ವಿಮರ್ಶೆ ಬರೆಯುವವರು ಈ ಒಂದು ಸಾಲನ್ನು ಖಚಿತವಾಗಿ ನಮೂದಿಸಬೇಕು: ಇಲ್ಲಿ ಹೆಂಗಸರು ಎಲ್ಲಿ ಕೂರಬಹುದು?

ಹೆಂಗಸರ ಇನ್ನೊಂದು ನೆಲೆಯೂ ಇದೆ. 2019ರ ಜನವರಿಯಲ್ಲಿ ಪಾನನಿಷೇಧಕ್ಕೆ ಒತ್ತಾಯಿಸಿ ಗ್ರಾಮೀಣ ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ, ತುಮಕೂರು ಮಾರ್ಗವಾಗಿ, ಹನ್ನೆರಡು ದಿನ ಕಾಲ್ನಡಿಗೆಯಲ್ಲಿ ಬಂದರು. ಅವರ ದೂರು ಬಾರ್‌ಗಿಂತ ಹೆಚ್ಚಾಗಿ ಊರಿನ ಪೆಟ್ಟಿಗೆ ಅಂಗಡಿಗಳಲ್ಲಿ ಅಕ್ರಮವಾಗಿ ಸಿಗುವ ಪೊಟ್ಟಣಗಳ ಮೇಲಿತ್ತು. ಬಾರ್ ಎಂಬ ಗೊತ್ತಾದ ಸ್ಥಳ, ಗೊತ್ತಾದ ಹೊತ್ತು, ಗೊತ್ತಾದ ಹೊಣೆ ಇಲ್ಲದ ಕುಡಿತವದು.

ಹೆದ್ದಾರಿಯ ತೀರ್ಪು, ಕುಣಿಗಲ್ ದಾರಿ

ನಗರದ ಬಾರ್ ಮತ್ತು ಹಳ್ಳಿಯ ಕುಡಿತದ ನಡುವಿನ ಅಂತರ ಅರಿಯಲು ಬೆಂಗಳೂರಿನಿಂದ ಮಂಗಳೂರು ಹೆದ್ದಾರಿ ಹಿಡಿದು ಎಪ್ಪತ್ತು ಕಿಲೋಮೀಟರ್ ಹೋದರೆ ಸಾಕು, ಕುಣಿಗಲ್ ಸಿಗುತ್ತದೆ. ಟಿಪ್ಪು ಕಾಲದ ಕುದುರೆ ಫಾರಂನಿಂದ ಹೆಸರಾದ ಊರಿದು. ಬೆಂಗಳೂರಿನ ಪಬ್‌ಗಳಿಗೆ ಬಿಯರ್ ಹರಿಸಿದ ಯುಬಿ ಸಮೂಹವೇ 1992ರಲ್ಲಿ ಆ ಸರ್ಕಾರಿ ಫಾರಂ ಅನ್ನು ಮೂವತ್ತು ವರ್ಷದ ಗುತ್ತಿಗೆಗೆ ಪಡೆದಿತ್ತು. ಅದೇ ವರ್ಷ ಬಾರ್ ಸನ್ನದುಗಳಿಗೆ ತಡೆ ಬಿದ್ದದ್ದು ಬರೀ ಆಕಸ್ಮಿಕ. ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಒಂದಾದ ಕೊತ್ತಗೆರೆಯಂತಹ ಊರುಗಳಿಗೆ ನಗರದ ನಿಯಮಗಳು ಬೇರೆಯದೇ ರೀತಿಯಲ್ಲಿ ಅನ್ವಯಿಸುತ್ತವೆ.

ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳ 500 ಮೀಟರ್ ಒಳಗೆ ಮದ್ಯ ಮಾರಾಟ ಕೂಡದೆಂದು ತೀರ್ಪಿತ್ತಿತು. 20,000ಕ್ಕಿಂತ ಹೆಚ್ಚು ಜನಸಂಖ್ಯೆಯಿಲ್ಲದ ಊರುಗಳಿಗೆ ಮುಂದೆ ಈ ಅಂತರವನ್ನು 220 ಮೀಟರಿಗೆ ಇಳಿಸಿತು. ಕರ್ನಾಟಕದಲ್ಲಿ ಅಬಕಾರಿ ವರ್ಷ ಮೊದಲಾಗುವುದು ಜುಲೈ 1ರಂದು. ಹಾಗಾಗಿ ತೀರ್ಪಿನ ಬಿಸಿ ಇಲ್ಲಿ ತಟ್ಟಿದ್ದು 2017ರ ಜುಲೈನಲ್ಲಿ, ಸನ್ನದು ನವೀಕರಣದ ಹೊತ್ತಿಗೆ. ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಇಂದಿರಾನಗರಗಳಲ್ಲಿ ನೂರಾರು ಬಾರ್, ಪಬ್‌ಗಳು ಒಂದೇ ದಿನ ಬಾಗಿಲು ಹಾಕಿದವು. ನಗರಸಭೆ, ಪಾಲಿಕೆ ವ್ಯಾಪ್ತಿಯ ಮಳಿಗೆಗಳಿಗೆ ತೀರ್ಪು ಅಡ್ಡಿಯಲ್ಲವೆಂದು ಅದೇ ಜುಲೈನಲ್ಲಿ ನ್ಯಾಯಾಲಯ ಸ್ಪಷ್ಟಪಡಿಸಿದ ಮೇಲೆ ನಗರ ಬೇಗನೆ ಚೇತರಿಸಿಕೊಂಡಿತು. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಪ್ರಶ್ನೆಯನ್ನು ರಾಜ್ಯಗಳ ವಿವೇಚನೆಗೆ ಬಿಟ್ಟದ್ದು 2018ರ ಫೆಬ್ರವರಿಯಲ್ಲಿ. ಪಟ್ಟಣಕ್ಕೆ ವಾರಗಳಲ್ಲಿ ಸಿಕ್ಕ ಉತ್ತರ ಹಳ್ಳಿಗೆ ತಲುಪಲು ತಿಂಗಳುಗಳೇ ಬೇಕಾದವು. ಇದರ ಹೊರತಾಗಿ ಶಾಲೆ, ಆಸ್ಪತ್ರೆ, ದೇವಾಲಯಗಳಿಂದ 100 ಮೀಟರ್ ಅಂತರ ಇರಬೇಕೆಂಬ ರಾಜ್ಯದ 1967ರ ನಿಯಮ ಎಲ್ಲೆಡೆಯೂ ಅನ್ವಯ. ಬಡಾವಣೆಯ ನಿವಾಸಿಗಳು ಬಾರ್‌ನ ವಿರುದ್ಧ ಆಕ್ಷೇಪ ಸಲ್ಲಿಸುವಾಗ ಆಧಾರವಾಗುವುದೂ ಅದೇ.

ಬಡಿಸುವವರು ಎಲ್ಲಿ ಮಲಗುತ್ತಾರೆ

ಕುಣಿಗಲ್ ದಾರಿಯ ಮಾತು ಬಂದದ್ದು ಹೆದ್ದಾರಿಗಾಗಿ ಮಾತ್ರವಲ್ಲ. ಬೆಂಗಳೂರಿನ ಬಡಾವಣೆ ಬಾರ್‌ಗಳನ್ನು ನಡೆಸುವ ಕೈಗಳು ಬಹುಕಾಲ ತುಮಕೂರು, ಮಂಡ್ಯ, ಹಾಸನ ಜಿಲ್ಲೆಗಳ ಹಳ್ಳಿಗಳಿಂದ ಬಂದವು. ಮಳೆ ಕೈಕೊಟ್ಟ ವರ್ಷ ಹುಡುಗನೊಬ್ಬ ಊರಿನ ಪರಿಚಿತರ ಜೊತೆ ಬಸ್ಸು ಹತ್ತುತ್ತಾನೆ. ಲೋಟ ತೊಳೆಯುವುದರಿಂದ ಆರಂಭಿಸಿ ಸಪ್ಲೈಯರ್ ಆಗುತ್ತಾನೆ. ನೆಚ್ಚಿನವನಾದರೆ ಗಲ್ಲಾದವರೆಗೂ ಏರುತ್ತಾನೆ. ಈಚಿನ ವರ್ಷಗಳಲ್ಲಿ ಈಶಾನ್ಯ ರಾಜ್ಯಗಳು ಮತ್ತು ಒಡಿಶಾದ ಯುವಕರು ಸೇರಿಕೊಂಡಿದ್ದಾರೆ. ಸಂಬಳದ ಜೊತೆಗೆ ಊಟ ಮತ್ತು ‘ಇರಲು ಜಾಗ’ ಎಂಬುದು ಈ ಕೆಲಸದ ವಾಡಿಕೆಯ ಕರಾರು. ಆ ಜಾಗ ಯಾವುದು ಎಂದು ಯಾವ ವಿಮರ್ಶೆಯೂ ಕೇಳಿದ್ದಿಲ್ಲ.

2018ರ ಜನವರಿ 8ರ ನಸುಕಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಕಲಾಸಿಪಾಳ್ಯದ ಕುಂಬಾರ ಸಂಘದ ಕಟ್ಟಡದಲ್ಲಿದ್ದ ಕೈಲಾಶ್ ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಬೆಂಕಿ ಹೊತ್ತಿಕೊಂಡಾಗ ಒಳಗೆ ಮಲಗಿದ್ದ ಐವರು ಕೆಲಸಗಾರರು ಹೊರಬರಲಾಗದೆ ಸತ್ತರು. ಅವರು ತುಮಕೂರು, ಹಾಸನ, ಮಂಡ್ಯ ಜಿಲ್ಲೆಗಳವರು. ಕೆಲವರು ಇಪ್ಪತ್ತರ ಆಸುಪಾಸಿನವರು. ಮುಂಬೈನ ಕಮಲಾ ಮಿಲ್ಸ್ ಆವರಣದ ಪಬ್‌ಗಳ ಬೆಂಕಿಯಲ್ಲಿ 14 ಜನ ಸತ್ತು ಆಗಿನ್ನೂ ಹತ್ತು ದಿನವಾಗಿತ್ತು. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಗಿರಾಕಿಗಳು, ಸುದ್ದಿ ವಾರಗಟ್ಟಲೆ ನಡೆಯಿತು. ಇಲ್ಲಿ ಸತ್ತವರು ಬಡಿಸುವವರು. ಸುದ್ದಿ ಬೇಗ ತಣ್ಣಗಾಯಿತು.

ಬಾರ್‌ಗೆ ಒಂದೇ ಬಾಗಿಲು, ಕಿಟಕಿಗಳಿಗೆ ಹಲಗೆ, ಮೂಲೆಯಲ್ಲಿ ಮದ್ಯದ ಪೆಟ್ಟಿಗೆಗಳು, ಅಡುಗೆಮನೆಯಲ್ಲಿ ಅನಿಲ ಸಿಲಿಂಡರು, ರಾತ್ರಿ ಹೊರಗಿನಿಂದ ಎಳೆದು ಬೀಗ ಹಾಕುವ ಕಬ್ಬಿಣದ ಷಟರು. ಹಳೆಯ ಬಾರ್‌ಗಳ ವಿನ್ಯಾಸವೇ ಹೀಗಿರುವುದರಿಂದ ಒಳಗೆ ಯಾರಾದರೂ ಮಲಗುವುದು ಎಷ್ಟು ಅಪಾಯ ಎಂಬುದನ್ನು ವಿವರಿಸಬೇಕಿಲ್ಲ. ಹಿಂಬಾಗಿಲು ಇದೆಯೇ, ಅದು ತೆರೆಯುತ್ತದೆಯೇ, ಅದರ ಮುಂದೆ ಖಾಲಿ ಬಾಟಲಿಗಳ ಚೀಲ ಪೇರಿಸಿದ್ದಾರೆಯೇ ಎಂದು ನೋಡಲು ಗಿರಾಕಿಗೆ ಒಂದು ನಿಮಿಷ ಸಾಕು.

ಹೊತ್ತಿನ ಲೆಕ್ಕ

2020ರ ಲಾಕ್‌ಡೌನ್ ಈ ಉದ್ಯಮದ ಇನ್ನೊಂದು ಬಿರುಕನ್ನು ತೋರಿಸಿತು. ಮೇ 4ರಂದು ವೈನ್ ಶಾಪ್‌ಗಳು ತೆರೆದವು. ಮರುದಿನ ಒಂದೇ ದಿನದಲ್ಲಿ ರಾಜ್ಯದ ಮಾರಾಟ 197 ಕೋಟಿ ರೂಪಾಯಿ ಮುಟ್ಟಿತು. ಬಾರ್‌ಗಳಿಗೆ ಸಿಕ್ಕಿದ್ದು ಉಳಿದ ದಾಸ್ತಾನನ್ನು ಮುದ್ರಿತ ಬೆಲೆಗೆ ಪಾರ್ಸೆಲ್ ಕೊಡುವ ಅನುಮತಿ ಮಾತ್ರ. ಕೂರಿಸಿ ಬಡಿಸಲು ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಖಜಾನೆಗೆ ಬೇಕಾದದ್ದು ಮದ್ಯ, ಬಾರ್ ಅಲ್ಲ ಎಂಬುದು ಆ ನಾಲ್ಕು ತಿಂಗಳಲ್ಲಿ ಊರಿಗೆ ಹಿಂದಿರುಗಿ ಕುಳಿತ ಸಪ್ಲೈಯರ್‌ಗಳಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಬೆಂಗಳೂರಿನಲ್ಲಿ ಬಾರ್‌ಗಳು ರಾತ್ರಿ ಒಂದು ಗಂಟೆಯವರೆಗೆ ತೆರೆದಿರಲು 2024ರ ಆಗಸ್ಟ್‌ನಲ್ಲಿ ಸರ್ಕಾರ ಅವಕಾಶ ನೀಡಿತು. ನಗರದ ರಾತ್ರಿಜೀವನದ ದೃಷ್ಟಿಯಿಂದ ಇದನ್ನು ಸ್ವಾಗತಿಸಿದವರು ಬಹಳ. ಇಂದಿರಾನಗರ, ಕೋರಮಂಗಲಗಳ ನಿವಾಸಿಗಳ ಸಂಘಗಳು ಗದ್ದಲದ ಬಗ್ಗೆ ವರ್ಷಗಳಿಂದ ಎತ್ತಿದ ತಕರಾರು ಇನ್ನೂ ತೀರಿಲ್ಲ. ಗಿರಾಕಿಯ ಮಟ್ಟಿಗೆ ಪ್ರಶ್ನೆ ಮನೆ ಸೇರುವುದು. ಮೆಟ್ರೊದ ಕೊನೆಯ ರೈಲು ಅದಕ್ಕೂ ಬಹಳ ಮುಂಚೆ ಹೊರಟಿರುತ್ತದೆ. ವಾಹನ ಚಾಲಕರ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ ಮೀರಿ ಮದ್ಯಸಾರ ಕಂಡರೆ 2019ರ ತಿದ್ದುಪಡಿಯಂತೆ ಮೊದಲ ಬಾರಿಗೇ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ. ನಡೆದು ಮನೆ ಸೇರಬಹುದಾದಷ್ಟು ಹತ್ತಿರವಿರುವುದು ಬಡಾವಣೆಯ ಬಾರ್‌ನ ದೊಡ್ಡ ಗುಣವೆಂದು ಹಳೆಯ ಗಿರಾಕಿಗಳು ಹೇಳುವುದು ಸುಮ್ಮನೆ ಅಲ್ಲ.

ಬೆಳಿಗ್ಗೆ ಹತ್ತರಿಂದ ರಾತ್ರಿ ಒಂದರವರೆಗೆ ಎಂದರೆ ಹದಿನೈದು ಗಂಟೆ. 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಧಿಕ ಅವಧಿಯ ದುಡಿಮೆ ಬಿಟ್ಟು ದಿನಕ್ಕೆ ಒಂಬತ್ತು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿ ಹಾಕಿದೆ, ವಾರಕ್ಕೊಂದು ರಜೆ ಕಡ್ಡಾಯ ಮಾಡಿದೆ. ಎರಡು ಪಾಳಿಯಲ್ಲಿ ಬೇರೆಬೇರೆ ಮುಖಗಳು ಕಾಣುವ ಬಾರ್ ಯಾವುದು, ಬೆಳಿಗ್ಗೆ ಹತ್ತೂವರೆಗೆ ಬುರ್ಜಿ ತಂದಿಟ್ಟವನೇ ರಾತ್ರಿ ಹನ್ನೆರಡೂವರೆಗೆ ಬಿಲ್ಲು ತಂದಿಡುವ ಬಾರ್ ಯಾವುದು ಎಂಬುದು ಒಂದೇ ದಿನ ಎರಡು ಬಾರಿ ಭೇಟಿ ಕೊಟ್ಟವರಿಗೆ ತಿಳಿಯುತ್ತದೆ.